ಜಾಮೀನಿಗೆ ತೋರಿಸಿದ ಕಟ್ಟಡ

ದೇವದುರ್ಗದ ಹಾಸ್ಟೆಲ್ ಕಾಮಗಾರಿಯ ಟೆಂಡರ್ ಸಿಕ್ಕ ದಿನ ಅಂಬರೀಶ ರಾಯಚೂರಿನ ತನ್ನ ಓಣಿಗೆಲ್ಲ ಪೇಡೆ ಹಂಚಿದ್ದ. ಮರುದಿನ ಜಾಮೀನಿನ ಚಿಂತೆ ಹತ್ತಿತು. ಗುತ್ತಿಗೆದಾರ ಕೆಲಸ ನಡುವೆ ಬಿಟ್ಟು ಓಡಿದರೆ ಸರ್ಕಾರಕ್ಕೆ ನಷ್ಟ ತುಂಬಿಕೊಡುವವರು ಬೇಕು. ಬ್ಯಾಂಕಿನವರು ಹೊಲವನ್ನೋ ಠೇವಣಿಯನ್ನೋ ಕೇಳಿದರು. ಅವನ ಬಳಿ ಎರಡೂ ಇರಲಿಲ್ಲ. ಕೊನೆಗೆ ವಿಮಾ ಕಂಪನಿಯೊಂದು ಶ್ಯೂರಿಟಿ ಬಾಂಡ್ ಕೊಡಲು ಮುಂದೆ ಬಂತು.

"ನಮಗ ಹೊಲಾ ಮನಿ ಏನೂ ಬ್ಯಾಡ್ರಿ. ಹಿಂದ ನೀವು ಕಟ್ಟಿದ್ದೊಂದು ಕಣ್ಣಿಲೆ ನೋಡಬೇಕು, ಅಷ್ಟ," ಎಂದಳು ಕಂಪನಿಯ ಅಧಿಕಾರಿ ನೌಶೀನ್.

ಅವನು ಕಟ್ಟಿದ್ದೆಂದು ಕಾಗದದ ಮೇಲೆ ಇದ್ದದ್ದು ಒಂದೇ, ಹಿರೇಕೊಟ್ನೆಕಲ್ಲಿನ ಸಮುದಾಯ ಭವನ. ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಮೀಸಲಾಗಿದ್ದ ಆ ಕೆಲಸವನ್ನು ಅಂಬರೀಶನ ಲೈಸೆನ್ಸಿನಲ್ಲಿ ಹಿಡಿದು ಕಟ್ಟಿಸಿದವನು ಮಾನ್ವಿಯ ಅಕ್ಕಿ ಗಿರಣಿಯ ಮಲ್ಲೇಶ. ಅಂಬರೀಶ ಸಹಿ ಹಾಕಿ, ತನ್ನ ಕಮಿಷನ್ ತೆಗೆದುಕೊಂಡು ಬೈಕು ಕೊಂಡಿದ್ದ. ಆ ಊರಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಭವನ ತೋರಿಸಲು ಹೊರಡುವ ಹಿಂದಿನ ದಿನ ಮಲ್ಲೇಶನಿಗೆ ಫೋನ್ ಮಾಡಿದಾಗ ಅವನು ನಕ್ಕಿದ್ದ. "ನಿನ್ನ ಬಿಲ್ಡಿಂಗ್ ನೀನ ಹುಡುಕಾಕತ್ತಿಯೇನಲೇ? ನೀರಿನ ಟ್ಯಾಂಕಿನ ಬಾಜೂಕ ಅದ. ಕೀಲಿ ವೆಂಕಮ್ಮನ ಕೈಯಾಗಿರ್ತದ, ಮಹಿಳಾ ಸಂಘದಾಕಿ." ಅಂಬರೀಶ ವೆಂಕಮ್ಮನಿಗೂ ಫೋನ್ ಮಾಡಿ, "ಭವನ ಕಟ್ಟಿದ ಅಂಬರೀಶ ಮಾತಾಡಾಕತ್ತೀನಿ. ನಾಳೆ ಕಂಪನಿ ಮೇಡಂ ಅದನ್ನ ನೋಡಾಕ ಬರ್ತಾರ, ಚಂದ ಕಂಡ್ರ ನನಗ ಮುಂದಿನ ಕೆಲಸ ಸಿಗ್ತದ," ಎಂದಿದ್ದ. ಹೇಳುವಾಗ ನಾಲಿಗೆ ತಡವರಿಸಲಿಲ್ಲ.

ಮರುದಿನ ತನ್ನ ಕಾರು ಓಡಿಸುತ್ತ ಕಲ್ಲೂರು ದಾಟುವಾಗ ನೌಶೀನ್ ಪಕ್ಕದಲ್ಲಿದ್ದ ಅಂಬರೀಶನನ್ನು ಕೇಳಿದಳು: "ಸ್ಲ್ಯಾಬ್ ಹಾಕುವಾಗ ಸೈಟ್‌ನ್ಯಾಗ ಯಾರಿದ್ರು?"

"ನಾನ ಮೇಡಂ. ಊಟಾ ನಿದ್ದಿ ಎಲ್ಲಾ ಅಲ್ಲೇ."

ಹಿಂದಿನ ರಾತ್ರಿ ಮಳೆ ಹೊಡೆದಿತ್ತು. ಟ್ಯಾಂಕಿನ ಪಕ್ಕದಲ್ಲಿ ಎರಡು ಕಟ್ಟಡಗಳಿದ್ದವು. ಹಳದಿ ಬಣ್ಣ ಹಚ್ಚಿದ, ಗೋಡೆ ನೆಟ್ಟಗಿದ್ದ ಕಟ್ಟಡದ ಮುಂದೆ ಅಂಬರೀಶ ಕಾರು ನಿಲ್ಲಿಸಲು ಹೇಳಿ ಇಳಿದು, "ಇದ ನೋಡ್ರಿ ಮೇಡಂ," ಎಂದು ಕೈ ಚಾಚಿದ.

"ಯಪ್ಪಾ, ಅದು ಹಾಲಿನ ಡೇರಿ!" ಹಿಂದಿನಿಂದ ಹೆಂಗಸೊಬ್ಬಳು ಕೂಗಿದಳು. ಸೊಂಟಕ್ಕೆ ಕೀಲಿ ಸಿಕ್ಕಿಸಿಕೊಂಡಿದ್ದ ವೆಂಕಮ್ಮ. "ನಿಂದು ಈ ಕಡಿಗಿಂದು."

ನೌಶೀನ್ ಅವನ ಮುಖ ನೋಡಿದಳು. "ಬಣ್ಣ ಬ್ಯಾರೆ ಆಗ್ಯದಲ್ರಿ," ಎಂದ ಅಂಬರೀಶ.

ವೆಂಕಮ್ಮ ಅವನನ್ನು ಉಳಿಸಲು ನೋಡಿದಳು. "ಅಂವಗ ಪುರಸೊತ್ತರ ಎಲ್ಲಿ ಅದಬೇ? ಹತ್ತು ಕಡಿ ಕೆಲಸ, ಬರಾಕ ಆಗೂದಿಲ್ಲಂತ ಮಲ್ಲೇಶಪ್ಪ ಅಂತಿದ್ದ. ನಾವೂ ಇವತ್ತ ನೋಡಾಕತ್ತೀವಿ." ಕಾರಿನಲ್ಲಿ ಅವನು ಹೇಳಿದ್ದು ನೆನಪಾಗಿ ನೌಶೀನ್ ಹುಬ್ಬೇರಿಸಿದಳು. ವೆಂಕಮ್ಮ ಅದನ್ನು ಗಮನಿಸದೆ, ಬಾಗಿಲ ಪಕ್ಕದ ಉದ್ಘಾಟನೆಯ ಕಲ್ಲನ್ನು ಸೆರಗಿನಿಂದ ಒರೆಸಿದಳು. ಅದರ ಮೇಲೆ ಕೆತ್ತಿತ್ತು: ಗುತ್ತಿಗೆದಾರರು, ಅಂಬರೀಶ, ರಾಯಚೂರು. "ಈ ಊರಾಗ ಕಲ್ಲಿನ ಮ್ಯಾಲ ನಮ್ಮ ಮಂದಿ ಹೆಸರು ಕೆತ್ತಿದ್ದು ಇದೊಂದ ನೋಡವ್ವಾ."

"ಸೋರತದೇನ್ರಿ?" ನೌಶೀನ್ ಕೇಳಿದಳು.

"ಹನಿ ಬೀಳಂಗಿಲ್ಲ," ಎಂದಳು ವೆಂಕಮ್ಮ, ಕಣ್ಣು ಮಿಟುಕಿಸದೆ.

ನೌಶೀನ್ ಬೂಟು ಕಳಚಿ, ಕಾಲುಚೀಲದಲ್ಲೇ ಒಳಗೆ ಹೋದಳು. ಗೋಡೆಗಳಿಗೆ ಹೊಸದಾಗಿ ಸುಣ್ಣ ಬಳಿದಿತ್ತು. ವೆಂಕಮ್ಮನ ಉಗುರುಗಳಲ್ಲೂ ಸುಣ್ಣವಿತ್ತು. ನಡುವೆ ದೊಡ್ಡ ಜಮಖಾನ ಮಡಚಿ ಹಾಸಿತ್ತು. "ಅದರ ಮ್ಯಾಲ ಬ್ಯಾಡವ್ವಾ, ಈ ಕಡಿ ಬಾ," ಎಂದು ವೆಂಕಮ್ಮ ಅವಸರದಿಂದ ಹೇಳುವಷ್ಟರಲ್ಲಿ ನೌಶೀನ್ ಅದರ ಮೇಲೆ ಕಾಲಿಟ್ಟಾಗಿತ್ತು. ಪಚಕ್ಕೆಂದಿತು. ಹಸಿ ಬಟ್ಟೆಯಿಂದ ನೀರು ಒಸರಿ ಬೆರಳುಗಳ ಸುತ್ತ ನಿಂತಿತು. ಅವಳು ತಲೆ ಎತ್ತಿದಳು. ಛಾವಣಿಯಿಂದ ಹನಿಯೊಂದು ಸದ್ದಿಲ್ಲದೆ ಜಮಖಾನಕ್ಕೆ ಬಿತ್ತು. ಮೂಲೆಯ ಬಾಗಿಲ ಸಂದಿಯಲ್ಲಿ, ಬಚ್ಚಿಟ್ಟಿದ್ದ ಬಕೆಟ್ಟುಗಳು ಕಾಣುತ್ತಿದ್ದವು.

ನೌಶೀನ್ ಫೋಟೊ ತೆಗೆಯಲು ಫೋನ್ ಎತ್ತಿದಳು. ಅಂಬರೀಶನಿಗೆ ದೇವದುರ್ಗದ ಕೆಲಸ ಕೈ ಜಾರುವುದು ಕಂಡಿತು.

"ಮೇಡಂ, ಇದು ನಾ ಕಟ್ಟಿದ್ದಲ್ರಿ!" ಬಾಯಿಂದ ಹಾರಿಯೇ ಬಿಟ್ಟಿತು. "ಲೈಸೆನ್ಸ್ ಅಷ್ಟ ನಂದು. ಕಟ್ಟಿದಾಂವ ಮಲ್ಲೇಶ. ನನ್ನ ಕೆಲಸ ಹಿಂಗ ಇರೂದಿಲ್ರಿ."

ಸೋರುವ ಕಟ್ಟಡದಿಂದ ತಪ್ಪಿಸಿಕೊಂಡೆ ಎಂದುಕೊಂಡ. ಹಾಗೆ ಅನ್ನಿಸಿದ್ದು ಒಂದೇ ಉಸಿರಿನಷ್ಟು ಹೊತ್ತು.

"ಹಂಗಾರ ನೀವು ಕಟ್ಟಿದ್ದು ಯಾವುದ್ರಿ?" ನೌಶೀನ್ ಸಿಟ್ಟಿನಿಂದಲ್ಲ, ಸುಮ್ಮನೆ ಕೇಳಿದಳು.

ತಾನು ಕಟ್ಟಿದ್ದೆಂದು ತೋರಿಸಲು ಅವನಿಗೆ ಒಂದು ಗೋಡೆಯೂ ಇರಲಿಲ್ಲ. ನೌಶೀನ್ ಫೋನನ್ನು ಚೀಲಕ್ಕೆ ಹಾಕಿಕೊಂಡು, ಒದ್ದೆ ಕಾಲುಚೀಲ ಕಳಚಿ ಕೈಯಲ್ಲಿ ಹಿಡಿದು ಹೊರಗೆ ಹೋದಳು. "ಬಾಂಡ್ ಆಗೂದಿಲ್ರಿ," ಎಂದು ಹೊಸ್ತಿಲಲ್ಲಿ ಹೇಳಿದಳು.

ವೆಂಕಮ್ಮ ಅವನನ್ನೇ ನೋಡುತ್ತ ನಿಂತಿದ್ದಳು.

"ಮತ್ತ ಮುಂಜಾನಿಂದ ನಾ ಯಾರ ಸಲುವಾಗಿ ಸುಣ್ಣಾ ಬಳದೆ? ನಮ್ಮ ಹುಡುಗ, ಒಂದೀಟು ಕಚ್ಚಾ ಕಟ್ಟ್ಯಾನ, ಮುಂದಿಂದು ಚಂದ ಕಟ್ಟಲಿ ಅಂತ..." ಮಾತು ಅರ್ಧಕ್ಕೇ ಬಿಟ್ಟಳು.

ಕೆಟ್ಟದಾಗಿ ಕಟ್ಟಿದವನನ್ನು ಅವಳು ಆಗಲೇ ಕ್ಷಮಿಸಿದ್ದಳು. ತಾನೇ ಅದನ್ನು ಕಟ್ಟಿದವನೆಂದು ಒಪ್ಪಿಕೊಂಡು ಸುಮ್ಮನಿದ್ದಿದ್ದರೂ ಸಾಕಿತ್ತು. ಅಂಬರೀಶನಿಗೆ ನೆಲ ಬಿಟ್ಟು ಬೇರೆಲ್ಲೂ ನೋಡಲಾಗಲಿಲ್ಲ.

ಅವಳು ಬಕೆಟ್ಟುಗಳನ್ನು ತಂದು ಹನಿ ಬೀಳುವಲ್ಲಿ ಇಟ್ಟಳು. ಟಪ್ಪೆಂದು ಸದ್ದು ಶುರುವಾಯಿತು. ಜಮಖಾನದ ಒಂದು ತುದಿ ಹಿಡಿದು ಎತ್ತಿದಳು. ನೀರು ಕುಡಿದು ಅದು ಒಬ್ಬರಿಗೆ ಆಗದಷ್ಟು ಭಾರವಾಗಿತ್ತು. ಹಿಂಡಲು ಅಂಬರೀಶ ಬಗ್ಗಿ ಇನ್ನೊಂದು ತುದಿಗೆ ಕೈ ಹಾಕಿದ.

"ಬಿಡ್ರಿ," ಎಂದಳು ವೆಂಕಮ್ಮ, ಮೊದಲ ಸಲ ಬಹುವಚನದಲ್ಲಿ. "ನೀವ್ಯಾಕ? ನೀವೇನು ಕಟ್ಟಿದೋರಲ್ಲ."

ಅವಳು ಒಬ್ಬಳೇ ಅದನ್ನು ಬಾಗಿಲಿಗೆ ಎಳೆದುಕೊಂಡು ಹೋದಳು. ಅವನು ಕೈ ಒರೆಸಿಕೊಂಡ. ಕಾರು ಹೊರಟ ಸದ್ದು ಕೇಳಿದರೂ ಹೊರಗೆ ಬರಲಿಲ್ಲ. ಬರಬೇಕಾದರೆ ತನ್ನ ಹೆಸರಿದ್ದ ಆ ಕಲ್ಲಿನ ಪಕ್ಕವೇ ಹಾದುಬರಬೇಕಿತ್ತು.