ಮೂರು ಫೋಟೋದಷ್ಟು ರೀಲು

ಹಣಮಂತರಾಯ ಮಾಸ್ತರರ ಕ್ಯಾಮೆರಾದಲ್ಲಿ ಇನ್ನು ಮೂರೇ ಫೋಟೋದಷ್ಟು ರೀಲು ಉಳಿದಿತ್ತು. ಕತ್ತಲಲ್ಲೂ ಹಿಡಿಯುವ ಆ ರೀಲು ಅವರಿದ್ದ ಕೊಳಕೂರಿನಲ್ಲಿರಲಿ, ಜೇವರ್ಗಿಯಲ್ಲೂ ಸಿಗುವಂಥದ್ದಲ್ಲ, ಹೈದರಾಬಾದಿನಿಂದ ತರಿಸಿದ್ದು. ೧೯೮೬ರ ಏಪ್ರಿಲ್ ೧೧. ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಹ್ಯಾಲಿ ಧೂಮಕೇತು ಆ ರಾತ್ರಿ ಭೂಮಿಗೆ ತೀರ ಹತ್ತಿರ ಬರುವುದಿತ್ತು. ಅದರ ಫೋಟೋಕ್ಕೆಂದೇ ಮಾಸ್ತರರು ಒಂದು ಸಾಧನ ಮಾಡಿಕೊಂಡಿದ್ದರು: ಎರಡು ಹಲಗೆಗೆ ಬಾಗಿಲ ಕೀಲು ಬಡಿದು, ಕೀಲನ್ನು ಧ್ರುವನಕ್ಷತ್ರದತ್ತ ಹೂಡಿ, ಸ್ಕ್ರೂ ತಿರುವುತ್ತ ಹೋದರೆ ಮೇಲಿನ ಹಲಗೆಗೆ ಬಿಗಿದ ಕ್ಯಾಮೆರಾ ನಕ್ಷತ್ರಗಳ ಜೊತೆಗೇ ಹೊರಳುತ್ತಿತ್ತು. ಅದಕ್ಕೆ ಕೈ ಪಳಗಿಸಿಕೊಳ್ಳುವುದರಲ್ಲೇ ಉಳಿದ ರೀಲೆಲ್ಲ ಖರ್ಚಾಗಿತ್ತು.

ಅದೇ ಮಧ್ಯಾಹ್ನ ಮನೆಯ ಮಾಲಕ ಗುರಣ್ಣನ ಹೆಂಡತಿ ಗುರುಶಾಂತಮ್ಮ ತೀರಿಕೊಂಡಳು. ಎರಡು ದಿನದ ಜ್ವರ, ಅಷ್ಟೇ. ಗುರಣ್ಣ ಬಂದು ಮಾಸ್ತರರ ಬಾಡಿಗೆ ಕೋಣೆಯ ಬಾಗಿಲಲ್ಲಿ ನಿಂತ.

"ಸರ, ಒಂದ್ ಫೋಟೋ ಹೊಡೀರಿ. ಜೀವ ಇದ್ದಾಗಂತೂ ಒಂದೂ ತೆಗಸಲಿಲ್ಲ. ಗೌರಾ ಹಸಿ ಬಾಣಂತಿ, ಅಫಜಲಪುರದಿಂದ ಬರಾಕ ಆಗಂಗಿಲ್ಲ. ಮಗಳಿಗಿ ತೋರ್ಸಾಕರೆ ಬೇಕ್ರಿ."

"ಜೇವರ್ಗಿ ಸ್ಟುಡಿಯೋದಾಂವ?"

"ಲಗ್ನಕ್ಕ ಹೋಗ್ಯಾನಂತ್ರಿ. ಹೊತ್ತ ಮುಳುಗೂದ್ರಾಗ ಮಣ್ಣ ಮಾಡಬೇಕು."

ಮಾಸ್ತರರು ಮನಸ್ಸಿನಲ್ಲೇ ಎಣಿಸಿದರು. ಧೂಮಕೇತುವಿಗೆ ಕ್ಯಾಮೆರಾದ ಕಣ್ಣು ಎರಡು ನಿಮಿಷ ತೆರೆದಿಟ್ಟದ್ದೊಂದು, ಐದರದ್ದೊಂದು, ಹತ್ತರದ್ದೊಂದು. ಯಾವುದು ಸರಿ ಬಂದೀತೆಂದು ಗೊತ್ತಿಲ್ಲದೆ ಒಂದನ್ನೂ ಬಿಡುವ ಹಾಗಿರಲಿಲ್ಲ. "ನಡೀರಿ, ಬಂದೆ" ಎಂದರು.

ಪಡಸಾಲೆಯ ಅರೆಗತ್ತಲಲ್ಲಿ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ. ತಲೆ ವಾಲದಂತೆ ಗೋಡೆಯ ಗೂಟಕ್ಕೆ ಬಟ್ಟೆ ಬಿಗಿದಿತ್ತು. ಗುರಣ್ಣ ಪಕ್ಕದಲ್ಲಿ ಕೂತ.

"ಕಣ್ಣ ಮುಚ್ಚಬ್ಯಾಡಲೇ ಗುರಣ್ಣ," ಅಂದ ಅವನ ಸೋದರಮಾವ ನಾಗಣ್ಣ, "ಹೆಣ ಯಾವ್ದು, ಗಂಡ ಯಾಂವ ಅಂತ ಗುರ್ತ ಸಿಗಬೇಕೋ ಬ್ಯಾಡೋ?"

ಇಬ್ಬರು ಹೆಂಗಸರು ನಕ್ಕು, ಮತ್ತೆ ಅಳತೊಡಗಿದರು.

ಮಾಸ್ತರರು ಕ್ಯಾಮೆರಾ ಕಣ್ಣಿಗೆ ಹಿಡಿದರು. ಫೋಟೋದ ಗುಂಡಿ ಮುಟ್ಟಲಿಲ್ಲ. ಫ್ಲ್ಯಾಶಿನ ಬೆನ್ನಿಗೆ, ಅದು ಹೊತ್ತುತ್ತದೋ ಇಲ್ಲವೋ ಎಂದು ನೋಡಲು, ಇನ್ನೊಂದು ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿದರು. ಛಕ್ಕನೆ ಬೆಳಕು ಬಿತ್ತು. ರೀಲು ಅಲ್ಲೇ ಇತ್ತು, ಮೂರೂ ಫೋಟೋ ಉಳಿದವು.

"ಆತೇನ್ರಿ?"

"ಆತು."

ಆ ರಾತ್ರಿ ಮಣ್ಣು ಮಾಡಿ ಬಂದವರು ಕೆಳಗೆ ಮಲಗಿದ್ದಾಗ, ಅದೇ ಮನೆಯ ಮಾಳಿಗೆಯ ಮೇಲೆ ಮಾಸ್ತರರು ಸ್ಕ್ರೂ ತಿರುವುತ್ತ ಮೂರೂ ಫೋಟೋ ತೆಗೆದರು. ಗುಲಬರ್ಗಾದಲ್ಲಿ ತೊಳೆಸಿದಾಗ ಮೂರರಲ್ಲೂ ಧೂಮಕೇತು ಬಂದಿತ್ತು. ಬಾಲವಿರಲಿಲ್ಲ. ಹೆಬ್ಬೆರಳಿನಿಂದ ಒರೆಸಿದ ಸುಣ್ಣದಂಥ ಒಂದು ಕಲೆ.

ಎರಡು ತಿಂಗಳಿಗೆ ಗೌರಾಬಾಯಿ ಕೂಸನ್ನೆತ್ತಿಕೊಂಡು ತವರಿಗೆ ಬಂದಳು. ಬಂದವಳೇ ಮಾಸ್ತರರ ಹೊಸ್ತಿಲಲ್ಲಿ ಕೂತಳು.

"ಅವ್ವನ ಫೋಟೋ ಕೊಡ್ರಿ ಸರ."

"ಕೆಟ್ಟುಹೋತವ್ವ. ರೀಲಿಗಿ ಬೆಳಕ ಹೊಕ್ಕಿತ್ತು."

ಹಿಂದೆ ನಿಂತಿದ್ದ ಗುರಣ್ಣನೇ ಸಮಾಧಾನ ಹೇಳಿದ: "ಸರ ಏನ್ ಮಾಡ್ತಾರ ಬಿಡಬೇ. ಹೊಡದದ್ದು ನಾವೆಲ್ಲಾ ನೋಡೇವಿ. ಕಣ್ಣ ಕುಕ್ಕೂವಂಗ ಬೆಳಕ ಬಿದ್ದಿತ್ತು."

ಗೌರಾಬಾಯಿ ಏಳಲಿಲ್ಲ. "ಕೆಟ್ಟದ್ದೇ ಕೊಡ್ರಿ. ಕಾಣದಿದ್ರ ಏನಾತು, ಅವ್ವ ಅದರಾಗ ಅದಾಳಲ್ರಿ."

ಮಾಸ್ತರರು ಒಳಗೆ ಹೋದರು. ನಿಜ ಹೇಳಲು ಆಗಲೂ ಹೊತ್ತಿತ್ತು, ಹೇಳಲಿಲ್ಲ. ರೀಲಿನ ಮೊದಲ ತುದಿ, ಕ್ಯಾಮೆರಾಕ್ಕೆ ಹಾಕುವಾಗಲೇ ಬೆಳಕು ತಿಂದು ಇದ್ದಿಲಿನಷ್ಟು ಕಪ್ಪಾದದ್ದು, ಅದರಲ್ಲಿ ಒಂದು ಫೋಟೋದಷ್ಟು ತುಂಡು ಕತ್ತರಿಸಿ ತಂದು ಕೊಟ್ಟರು.

ಅವಳು ಅದನ್ನು ಬಿಸಿಲಿಗೆ ಹಿಡಿದಳು, ತಿರುಗಿಸಿ ಹಿಡಿದಳು.

"ತಲೀ ಯಾವ ಕಡಿ ಬರ್ತದ್ರಿ ಸರ?"

ಮಾಸ್ತರರು ಒಂದು ಅಂಚಿನ ಮೇಲೆ ಬೆರಳಿಟ್ಟು ತೋರಿಸಿದರು.