ಹನ್ನೆರಡು ಅಡಿ ಜಾಗ

ಬೇರೆಯವರ ಮನೆಯ ಮಾತು ಇದು. ಹೇಳುವುದು ತಪ್ಪಾದರೆ ಕ್ಷಮಿಸಬೇಕು. ಹೇಳದೆ ಇರಲು ಆಗಲಿಲ್ಲ.

"ಗೇಟು ಎಲ್ಲಿಡೋಣ?" ಎಂದು ಕೇಳಿದ, ತಂತಿ ಅಂಗಡಿಯಿಂದ ಬೇಲಿಯ ಅಳತೆಗೆ ಬಂದವನು. ಕೇಳಿದ ಮೇಲೆ, ಕೇಳಬಾರದಿತ್ತೇನೋ ಅನಿಸಿತು.

ಜಮೀನಿನವನ ಬಾವಿಯಿಂದ ಪಕ್ಕದ ಹೊಲದಲ್ಲಿರುವ ಅಕ್ಕನ ಮನೆಯವರೆಗೆ ಕಾಲುದಾರಿಯೊಂದು ಸವೆದು ಬೆಳ್ಳಗಾಗಿತ್ತು. ಅಕ್ಕ ಅದರ ಮೇಲೆಯೇ, ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು, ಟೇಪು ನೋಡುತ್ತಾ ನಿಂತಿದ್ದಳು. ಪಾಲಾಗಿ ಒಂದು ತಿಂಗಳು. ಬಾವಿ ತಮ್ಮನ ಕಡೆಗೆ ಬಂದಿತ್ತು. ಅವಳ ಕಡೆ ಬೇರೆ ನೀರಿರಲಿಲ್ಲ.

"ಗೇಟಿಲ್ಲ," ಎಂದ ತಮ್ಮ.

"ಬರ್ಕೊಳ್ಳಪ್ಪ, ಗೇಟಿಲ್ಲ," ಎಂದಳು ಅಕ್ಕ. "ಇವನಿಗೇನು, ಬೇಲಿ ಹಾರಿ ಅಭ್ಯಾಸ. ಚಿಕ್ಕವನಿದ್ದಾಗ ನನ್ನ ಬೆನ್ನ ಮೇಲೆ ಕಾಲಿಟ್ಟು ಹಾರ್ತಿದ್ದ."

"ಸುಮ್ನಿರಕ್ಕ. ಪಾಲಿನ ದಿನ ಎಲ್ಲರೆದುರು ನನ್ನ ಕಳ್ಳ ಅಂದೆಯಲ್ಲ, ಆಗ ಬಾವಿ ನೆನಪಿರಲಿಲ್ವಾ?"

"ಕಳ್ಳ ಅನ್ನಲಿಲ್ಲ. ಲೆಕ್ಕ ಬರದವನು ಅಂದೆ."

"ಎರಡೂ ಒಂದೇ."

ಅಳತೆಯವನು ತಲೆ ಎತ್ತದೆ ಗೂಟ ಹೊಡೆಯತೊಡಗಿದ. ಎಂಟಡಿಗೊಂದು ಗೂಟ, ಗೂಟಕ್ಕೊಂದು ಸಿಮೆಂಟು ಕಂಬ, ಕಂಬದಿಂದ ಕಂಬಕ್ಕೆ ಐದು ಸಾಲು ಮುಳ್ಳುತಂತಿ. ಕೈ ಕೆಲಸ ಮಾಡುತ್ತಿತ್ತು. ಕಿವಿ ಅವರಿಬ್ಬರ ಕಡೆಗಿತ್ತು. ಅಂಗಡಿಗೆ ಬಂದು ಗೂಟದ ಲೆಕ್ಕದಂತೆ ಪಟ್ಟಿ ಬರೆದ: ಕಂಬ ಐವತ್ತು, ತಂತಿ ಸಾವಿರದ ಒಂಬೈನೂರ ಇಪ್ಪತ್ತು ಅಡಿ. ಮೂರು ಸಲ ಕೂಡಿದ. ಸರಿಯಾಗಿಯೇ ಬಂತು. ಆದರೂ ಏನೋ ಬಿಟ್ಟಿದ್ದೇನೆ ಅನಿಸಿ ಮನಸ್ಸು ನಿಲ್ಲಲಿಲ್ಲ.

ಬೇಲಿ ಕಟ್ಟಿದ ಸಂಜೆ ತಮ್ಮನ ಫೋನು ಬಂತು.

"ಏನ್ರೀ ಇದು? ಸರಿಯಾಗಿ ದಾರಿ ಇರೋ ಕಡೆ ಹನ್ನೆರಡಡಿ ಗೂಟಾನೇ ಹೊಡೆದಿಲ್ಲ. ಆಳುಗಳು ಗೇಟಿನ ಜಾಗ ಅಂತ ಬಿಟ್ಟು ಹೋಗಿದಾರೆ. ತಂತೀನೂ ಮುಗಿದಿದೆ."

ದಾರಿ ಕಂಡಲ್ಲಿ ಗಾಡಿ ಹೋಗುವಷ್ಟು ಜಾಗ ಬಿಡುವುದು ಅಳತೆಯವನ ಎಷ್ಟೋ ವರ್ಷದ ರೂಢಿ; ಕೈ ಅದನ್ನೇ ಮಾಡಿತ್ತು.

"ನನ್ನ ತಪ್ಪು ಸಾರ್. ಇನ್ನೊಂದು ಕಂಬ, ಅರವತ್ತಡಿ ತಂತಿ. ನನ್ನ ಖರ್ಚಲ್ಲೇ ನಾಳೆ ತರ್ತೀನಿ."

ಆ ಕಡೆ ರಾಟೆ ಕಿರುಗುಟ್ಟುವುದು ಕೇಳಿಸಿತು. ಯಾರೋ ನೀರು ಸೇದುತ್ತಿದ್ದರು.

"ನಾಳೆ ಬೇಡ," ಎಂದ ತಮ್ಮ. "ಬಿಡುವಾದಾಗ ನಾನೇ ಬಂದು ತಗೋತೀನಿ."

ಅಳತೆಯವನು ತಂತಿ ಕತ್ತರಿಸಿ, ಸುರುಳಿ ಸುತ್ತಿ, ಅಂಗಡಿಯ ಬಾಗಿಲ ಪಕ್ಕ ತೂಗುಹಾಕಿದ. ಈಗಲೂ ಅಲ್ಲೇ ಇದೆ, ತುಕ್ಕು ಹಿಡಿಯತೊಡಗಿದೆ. ತಮ್ಮನಿಗೆ ಬಿಡುವಾಗಲಿಲ್ಲವೋ, ಬೇರೆ ಅಂಗಡಿಯಿಂದ ತಂದು ಮುಚ್ಚಿಬಿಟ್ಟನೋ, ನನಗೆ ಗೊತ್ತಿಲ್ಲ. ಹೋಗಿ ನೋಡುವ ಧೈರ್ಯ ಅಳತೆಯವನಿಗೂ ಬಂದಿಲ್ಲ.