ಒಂದು ಮಗ್ಗುಲು ಉಲ್ಟಾ

ನಾನು ಒಂದು ಸ್ವೆಟರ್. ಬಣ್ಣ ಬದನೆಕಾಯಿಯದು. ಹುಟ್ಟುವಾಗ ನಾನು ಇಡಿಯಾಗಿರಲಿಲ್ಲ. ಬೆನ್ನು, ಎರಡು ತೋಳು, ಎದೆಯ ಎರಡು ಭಾಗ, ಹೀಗೆ ಐದು ಬಿಡಿ ತುಂಡುಗಳಾಗಿ ಹುಟ್ಟಿದೆ. ನನಗೆ ಗುಂಡಿಗಳಿಲ್ಲ, ತಲೆಯ ಮೇಲಿಂದ ತೊಡಬೇಕು. ಎದೆಯ ಎರಡು ಭಾಗಗಳು ಒಂದರ ಮೇಲೊಂದು ಓರೆಯಾಗಿ ಹಾದುಹೋಗುತ್ತವೆ. ಸೆರಗು ಸರಿಸಿದಷ್ಟೇ ಸಲೀಸಾಗಿ ಅವನ್ನು ಸರಿಸಿ ಕೂಸಿಗೆ ಹಾಲು ಕೊಡಬಹುದು.

ನನ್ನನ್ನು ಹೆಣೆದವರು ಬೆಳಗಾವಿಯ ನೀಲಾಂಬಿಕಾ ಟೀಚರ್. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಹೊಲಿಗೆ, ಹೆಣಿಗೆ ಕಲಿಸಿ ನಿವೃತ್ತರಾದವರು. ಒಂದೇ ಒಂದು ಕುಣಿಕೆ ತಪ್ಪಿದರೂ ಅವರ ಕಣ್ಣಿಗೆ ಬೀಳುತ್ತಿತ್ತು. ತಪ್ಪು ಮಾಡಿದ ಹುಡುಗಿ ಇಡೀ ತುಂಡನ್ನು ಬಿಚ್ಚಿ ಮತ್ತೆ ಹೆಣೆಯಬೇಕಿತ್ತು. ಸ್ವಂತ ಮಗಳು ಮಂದಾಕಿನಿಗೂ ರಿಯಾಯಿತಿ ಇರಲಿಲ್ಲ. ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದಾಗ ಒಂದೇ ಮಫ್ಲರನ್ನು ಮೂರು ಸಲ ಬಿಚ್ಚಿದ ಆಕೆ, ಸೂಜಿಗಳನ್ನು ತಾಯಿಯ ಮುಂದಿಟ್ಟು ಎದ್ದುಹೋದಳು. ಮತ್ತೆ ಮುಟ್ಟಲಿಲ್ಲ. ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಆದರೆ ತಾಯಿಗೆ ಏನನ್ನಾದರೂ ತೋರಿಸುವ ಮುಂಚೆ ಮಂದಾಕಿನಿ ಎರಡು ಸಲ ಯೋಚಿಸುತ್ತಿದ್ದಳು.

ಆಕೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಟೀಚರ್ ನನ್ನನ್ನು ಶುರುಮಾಡಿದರು. ಬೆನ್ನು ಮುಗಿಯಿತು, ತೋಳುಗಳು ಮುಗಿದವು, ಎದೆಯ ಒಂದು ಭಾಗವೂ ಮುಗಿಯಿತು. ಅಷ್ಟರಲ್ಲಿ ಕೂಸು ಆರು ವಾರ ಮುಂಚೆಯೇ ಹುಟ್ಟಿತು. ಹೆಣ್ಣುಮಗು. ತೂಕ ಒಂದೂವರೆ ಕಿಲೋ. ಹೊರಗೆ ಜನವರಿಯ ಚಳಿ.

ಎಸ್ತರ್ ಸಿಸ್ಟರ್ ಆಸ್ಪತ್ರೆಯ ಎಳೆಗೂಸುಗಳ ವಾರ್ಡಿನ ನರ್ಸ್. ಕೂಸನ್ನು ಕಾವು ಕೊಡುವ ಗಾಜಿನ ಪೆಟ್ಟಿಗೆಯಿಂದ ಹೊರಗೆ ತೆಗೆದ ದಿನ ಅವರು ಮಂದಾಕಿನಿಗೆ ಹೇಳಿದರು: "ಟೊಪ್ಪಿಗಿ, ಲಂಗೋಟಿ ಬಿಟ್ಟು ಕೂಸಿಗೆ ಏನೂ ಹಾಕಬ್ಯಾಡ್ರಿ. ಬರೀ ಮೈಯಿಗೆ ಬರೀ ಮೈ ಹಚ್ಚಿ ಎದಿಮ್ಯಾಲೆ ಇಟ್ಕೊರಿ. ಮ್ಯಾಲೆ ಬೆಚ್ಚಗ ಕಟ್ರಿ. ದಿನಕ್ಕ ಎಷ್ಟು ತಾಸು ಆಗ್ತದೋ ಅಷ್ಟು."

ಶಾಲು ಸುತ್ತಿದರೆ ಜಾರುತ್ತಿತ್ತು. ಕೂಸೂ ಕೆಳಗೆ ಜಾರುತ್ತಿತ್ತು. ಟೀಚರ್ ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕೂತು ನನ್ನ ಉಳಿದ ಭಾಗವನ್ನು ಹೆಣೆಯತೊಡಗಿದರು. ವಾರ್ಡಿನ ಬಾಗಿಲು ತೆರೆದಾಗಲೆಲ್ಲ ತಲೆ ಎತ್ತುತ್ತಿದ್ದರು. ಬೆರಳುಗಳು ತಮ್ಮ ಪಾಡಿಗೆ ಓಡುತ್ತಿದ್ದವು. ಮೂರನೆಯ ದಿನ ಮಧ್ಯಾಹ್ನ ಕೊನೆಯ ಸಾಲು ಮುಗಿಸಿ, ಎದೆಯ ಎರಡೂ ಭಾಗಗಳನ್ನು ಮಗಳ ಹಾಸಿಗೆಯ ಮೇಲೆ ಹಾಸಿದರು. ಹಾಸಿದವರು ಹಾಗೇ ನಿಂತುಬಿಟ್ಟರು.

ನನ್ನ ಎದೆಯ ಎರಡೂ ಭಾಗಗಳು ಬಲಮಗ್ಗುಲಿನವೇ ಆಗಿದ್ದವು. ಓರೆ ಎರಡರದ್ದೂ ಒಂದೇ ಕಡೆಗೆ.

"ಮೂವತ್ತೊಂದು ವರ್ಷ..." ಎಂದರು ಟೀಚರ್. ಮುಖ ಕೆಂಪಾಗಿತ್ತು. ಸೂಜಿ ತೆಗೆದು ಬಿಚ್ಚಲು ದಾರದ ತುದಿ ಹುಡುಕತೊಡಗಿದರು.

ಮಂದಾಕಿನಿ ಕೈ ಚಾಚಿ ಆ ತುಂಡನ್ನು ಹಿಡಿದುಕೊಂಡಳು. "ಬಿಚ್ಚಬ್ಯಾಡವ್ವಾ. ಮತ್ತ ಮೂರು ದಿನ ಹೋಗ್ತಾವು. ಇದೊಂದನ್ನ ತಿರುವಿ ಹಾಕು."

"ತಿರುವಿದ್ರ ಉಲ್ಟಾ ಹೊರಗ ಬರ್ತೈತಿ. ನೋಡಿದವ್ರು ಏನಂದಾರು?"

"ನುಣುಪು ಒಳಗ ಬರ್ತೈತಲ್ಲ. ಕೂಸಿನ ಬೆನ್ನಿಗೆ ಅದ ಬೇಕು. ನೋಡವ್ರನ್ನ ಕಟ್ಕೊಂಡು ನಾವೇನು ಮಾಡೂಣು?"

ಟೀಚರ್ ಮಗಳ ಮುಖವನ್ನೇ ನೋಡಿದರು. ತುಂಡನ್ನು ಮಗುಚಿ ಹಾಸುತ್ತ, "ಆ ಮಫ್ಲರು ಅಷ್ಟೇನು ಕೆಟ್ಟಿರಲಿಲ್ಲ ಮಂದಾ," ಎಂದರು. ಮಂದಾಕಿನಿಗೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಸಂಜೆಯೊಳಗೆ ಐದು ತುಂಡುಗಳೂ ಸೇರಿ ನಾನು ಒಂದಾದೆ. ಎಡಮಗ್ಗುಲು ಹೊರಗಿನಿಂದ ಗಂಟುಗಂಟು. ಅದರೊಳಗೆ ಕೂಸು, ಬೆಚ್ಚಗಿನ ರೊಟ್ಟಿಯಷ್ಟು ಹಗುರ. ಅದು ಉಸಿರೆಳೆದಾಗ ನನ್ನ ಎಳೆಗಳು ತುಸುವೇ ಹಿಗ್ಗುತ್ತಿದ್ದವು. ಟೀಚರ್ ಹಾಸಿಗೆಯ ಪಕ್ಕ ಕೂತು ಎಳೆಗಳು ಹಿಗ್ಗುವುದನ್ನೇ ನೋಡುತ್ತಿದ್ದರು. ಇಪ್ಪತ್ತನಾಲ್ಕನೆಯ ದಿನ ತಕ್ಕಡಿ ಎರಡು ಕಿಲೋ ತೋರಿಸಿತು. ವಚನಾ ಎಂಬ ಹೆಸರು ಹೊತ್ತು ಕೂಸು ಮನೆಗೆ ಹೊರಟಿತು.

ಬಿಸಿಲುಗಾಲ ಬಂದಾಗ ಮಂದಾಕಿನಿ ನನ್ನನ್ನು ತೊಳೆದು ಒಣಗಿಸಿ ವಾರ್ಡಿಗೆ ಒಯ್ದಳು. ಟೀಚರ್ ಜೊತೆಯಲ್ಲಿ ಬಂದು, ಹೊಲಿಗೆಗಳನ್ನು ಇನ್ನೊಮ್ಮೆ ಜಗ್ಗಿ ನೋಡಿ, ಎಸ್ತರ್ ಸಿಸ್ಟರ್ ಕೈಗೆ ಕೊಟ್ಟರು. ಆಮೇಲೆ ಹದಿಮೂರು ಚಳಿಗಾಲ ನಾನು ಅಲ್ಲೇ ಇದ್ದೆ. ಎಷ್ಟೋ ತಾಯಂದಿರು ನನ್ನನ್ನು ತೊಟ್ಟರು. ತೆಳ್ಳಗಿನವರು, ದಪ್ಪಗಿನವರು, ಮಾತಿನ ಮಲ್ಲಿಯರು, ತುಟಿ ಬಿಚ್ಚದವರು. ಹಾಲಿನ ವಾಸನೆ ನನ್ನ ಮೈಯಿಂದ ಹೋಗಲೇ ಇಲ್ಲ.

ಎಲ್ಲ ಕೂಸುಗಳೂ ಉಳಿಯಲಿಲ್ಲ. ಖಾನಾಪುರದ ಕಡೆಯ ಶಮೀಮ ಎಂಬಾಕೆ ಒಂಬತ್ತು ದಿನ ನನ್ನನ್ನು ತೊಟ್ಟಿದ್ದಳು. ಹತ್ತನೆಯ ದಿನ ಆಕೆಯ ಮಗ ತೀರಿಕೊಂಡ. ಊರಿಗೆ ಹೊರಡುವ ಮುಂಚೆ ಆಕೆ ನನ್ನನ್ನು ತಾನೇ ತೊಳೆದಳು. ಬಿಸಿಲಿನಲ್ಲಿ ನನ್ನ ಪಕ್ಕದಲ್ಲೇ ಕೂತು ಒಣಗಿಸಿ, ಮಡಚಿ ತಂದಳು. "ಮುಂದಿನಾಕಿಗೆ ಬೇಕಾಗ್ತೈತಿ ಸಿಸ್ಟರ್," ಎಂದಷ್ಟೇ ಹೇಳಿದಳು. ಆ ಮಡಿಕೆಯನ್ನು ಸಿಸ್ಟರ್ ಎರಡು ದಿನ ಬಿಚ್ಚಲಿಲ್ಲ.

ಕಾಲ ಕಳೆದಂತೆ ನನ್ನ ಮೊಣಕೈಗಳು ಹರಿದವು, ಅಂಚು ಜೋತುಬಿತ್ತು. ವಾರ್ಡಿಗೆ ಹೊಸ ಸ್ವೆಟರುಗಳು ಬಂದವು. ಎಸ್ತರ್ ಸಿಸ್ಟರ್ ನಿವೃತ್ತರಾದ ದಿನ ಎಲ್ಲರೂ ಸೇರಿ ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು. ಅವರು ಕಪಾಟಿನ ತಳದಿಂದ ನನ್ನನ್ನು ತೆಗೆದು, "ಇದನ್ನೂ ಒಯ್ತೇನಿ," ಎಂದು ಚೀಲಕ್ಕೆ ಹಾಕಿಕೊಂಡರು.

ಈಗ ನಾನು ಅವರ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ, ಒಂದು ಬಿದಿರಿನ ಬುಟ್ಟಿಯಲ್ಲಿದ್ದೇನೆ. ಬೆಳಗಿನ ಬಿಸಿಲು ಕಿಟಕಿಯಿಂದ ನೇರ ನನ್ನ ಮೇಲೆ ಬೀಳುತ್ತದೆ. ಯಾರು ತೊಟ್ಟರೂ ನಾನು ಅವರ ಮೈಗೆ ತಕ್ಕಂತೆ ಹಿಗ್ಗಿದೆ. ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಅಷ್ಟೇ, ಅದು ಸಾಕು ಅನಿಸುತ್ತದೆ. ಹೋದ ವಾರ ಸಿಸ್ಟರ್ ಸಾಕಿದ ಬೆಕ್ಕು ನನ್ನ ಮೇಲೆ ಬಂದು ಸುರುಳಿ ಸುತ್ತಿ ಮಲಗಿತು. ಬೆಳಗಾಗುವಷ್ಟರಲ್ಲಿ ಮೂರು ಮರಿಗಳು.

ಸಿಸ್ಟರ್ ಹಾಲಿನ ಬಟ್ಟಲು ಇಟ್ಟು, ಕುಕ್ಕರುಗಾಲಲ್ಲಿ ಕೂತು, ಬೆಕ್ಕಿನ ಜೊತೆ ಮಾತಾಡಿದರು: "ಆರಾಮ ಮಲ್ಕೊ ಬಾಣಂತಿ. ಆದ್ರ ಹೋಗುಮುಂದ ತೊಳದು ಕೊಡಬೇಕು ನೋಡು."